ಟ್ಯಾಂಕ್ ತೆಗೆದ ಮಾತ್ರಕ್ಕೆ ಫೈಲ್ ಮುಚ್ಚುವುದಿಲ್ಲ

ಹಳೆಯ ಪೆಟ್ರೋಲ್ ಬಂಕ್ ಒಂದು ಮುಚ್ಚಿತು ಎಂದುಕೊಳ್ಳಿ. ಪಂಪುಗಳನ್ನು ಕಿತ್ತರು, ನೆಲದಡಿಯ ಟ್ಯಾಂಕನ್ನು ಕ್ರೇನ್‌ನಲ್ಲಿ ಎತ್ತಿದರು, ವಾಸನೆ ಬರುವ ಮಣ್ಣನ್ನು ಲಾರಿಯಲ್ಲಿ ಸಾಗಿಸಿ ಹೊಸ ಮಣ್ಣು ತುಂಬಿದರು. ನಮ್ಮೂರಿನಲ್ಲಾದರೆ ಮರುದಿನವೇ ಆ ಜಾಗಕ್ಕೆ ಗಿರಾಕಿ ಬಂದಾನು. ಅಮೆರಿಕದ ನ್ಯೂಜೆರ್ಸಿಯಲ್ಲಿ ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಸೋರಿದ ಇಂಧನ ಅಂತರ್ಜಲ ಮುಟ್ಟಿದ್ದರೆ ಟ್ಯಾಂಕ್ ಹೋದ ಮೇಲೂ ವರ್ಷಗಟ್ಟಲೆ ಫೈಲ್ ತೆರೆದೇ ಇರುತ್ತದೆ. ಗಲ್ಫಿನಲ್ಲಿ ದುಡಿದು ಊರಿನಲ್ಲಿ ಜಾಗ ಕೊಳ್ಳುವ ನಮಗೆ ಆ ಫೈಲಿನಿಂದ ತಿಳಿಯಬೇಕಾದದ್ದಿದೆ.

ಮೊದಲು ಅಳತೆಯ ವಿಷಯ. ಆಸ್ಪತ್ರೆಯ ಫಾರ್ಮಸಿಯಲ್ಲಿ ಮೈಕ್ರೋಗ್ರಾಂ ಲೆಕ್ಕದ ಔಷಧಗಳು ನಮ್ಮ ಕೈಯಲ್ಲಿ ದಿನವೂ ಹಾದುಹೋಗುತ್ತವೆ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲೇ ಮೈಕ್ರೋಗ್ರಾಂ. ಪೆಟ್ರೋಲಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದು ಸಾಬೀತಾದ ಸಂಗತಿ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕದ ಕೇಂದ್ರ ಸರ್ಕಾರದ ಮಿತಿ 5. ನ್ಯೂಜೆರ್ಸಿ ರಾಜ್ಯದ ಮಿತಿ ಕೇವಲ 1. ಅಂದರೆ ಒಂದೇ ಒಂದು ಗ್ರಾಂ ಬೆಂಜೀನ್ ಹತ್ತು ಲಕ್ಷ ಲೀಟರ್ ನೀರನ್ನು, ಎಂದರೆ ಹತ್ತು ಸಾವಿರ ಲೀಟರಿನ ನೂರು ಟ್ಯಾಂಕರ್ ನೀರನ್ನು, ಆ ಮಿತಿಗೆ ತಂದು ನಿಲ್ಲಿಸಬಲ್ಲದು. ಮೂಗಿಗೆ ವಾಸನೆ ಬಂದಿಲ್ಲ, ಆದ್ದರಿಂದ ನೀರು ಚೆನ್ನಾಗಿದೆ ಎಂಬ ಲೆಕ್ಕ ಇಲ್ಲಿ ನಡೆಯದು.

ಹಾಗಾದರೆ ಫೈಲ್ ಮುಚ್ಚುವುದು ಹೇಗೆ? 2009ರಲ್ಲಿ ನ್ಯೂಜೆರ್ಸಿ ಹೊಸ ಕಾನೂನು ತಂದು, ಈ ಕೆಲಸದ ಉಸ್ತುವಾರಿಯನ್ನು ಸರ್ಕಾರದ ಪರವಾನಗಿ ಪಡೆದ ತಜ್ಞರಿಗೆ ಒಪ್ಪಿಸಿತು. ತಜ್ಞರಿಗೆ ಸಂಬಳ ಕೊಡುವವನು ಜಾಗದ ಮಾಲೀಕ. ಆದರೆ ಅವರ ಮೊದಲ ಹೊಣೆ ಜನರ ಆರೋಗ್ಯ ಎಂದು ಕಾನೂನೇ ಹೇಳುತ್ತದೆ. ಅವರು ಜಾಗದ ಸುತ್ತ ಸಣ್ಣ ಪರೀಕ್ಷಾ ಬಾವಿಗಳನ್ನು ಕೊರೆಸುತ್ತಾರೆ. ಅಂತರ್ಜಲ ಯಾವ ದಿಕ್ಕಿಗೆ ಹರಿಯುತ್ತಿದೆ, ಕಲುಷಿತ ನೀರು ಎಲ್ಲಿಯವರೆಗೆ ಹೋಗಿದೆ, ಆ ದಾರಿಯಲ್ಲಿ ಯಾರದಾದರೂ ಕುಡಿಯುವ ನೀರಿನ ಬಾವಿ ಇದೆಯೇ, ಪಕ್ಕದ ಮನೆಯ ನೆಲಮಾಳಿಗೆಗೆ ಆವಿ ನುಗ್ಗುತ್ತಿದೆಯೇ ಎಂದು ನೋಡುತ್ತಾರೆ. ಮಣ್ಣಿನ ಸೂಕ್ಷ್ಮಜೀವಿಗಳು ಬೆಂಜೀನನ್ನು ನಿಧಾನವಾಗಿ ತಿಂದು ಕಡಿಮೆ ಮಾಡುತ್ತವೆ. ಆದರೆ ಮಳೆಗಾಲಕ್ಕೆ ನೀರು ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ, ಅದರೊಂದಿಗೆ ಅಂಕಿಯೂ ಬದಲಾಗುತ್ತದೆ. ಆದ್ದರಿಂದ ಒಂದು ಸಲದ ಒಳ್ಳೆಯ ವರದಿಗೆ ಬೆಲೆ ಇಲ್ಲ, ಮತ್ತೆ ಮತ್ತೆ ಪರೀಕ್ಷಿಸಬೇಕು.

ಕೊನೆಗೆ ತಜ್ಞರು ಕೊಡುವ ಮುಕ್ತಾಯ ಪತ್ರದಲ್ಲೂ ಬಗೆಗಳಿವೆ. ಎಲ್ಲವೂ ಮಿತಿಯೊಳಗೆ ಬಂದಿದ್ದರೆ ನಿರ್ಬಂಧವಿಲ್ಲದ ಪತ್ರ. ಕಲ್ಮಶ ಇನ್ನೂ ಉಳಿದಿದ್ದರೆ ನಿರ್ಬಂಧ ಸಹಿತ ಪತ್ರ. ಮಣ್ಣಿನಲ್ಲಿ ಉಳಿದದ್ದನ್ನು ಆಸ್ತಿಯ ದಾಖಲೆಯಲ್ಲೇ ನೋಂದಾಯಿಸುತ್ತಾರೆ. ನೀರಿನಲ್ಲಿ ಉಳಿದಿದ್ದರೆ ಇಷ್ಟು ಪ್ರದೇಶದಲ್ಲಿ ಬಾವಿ ಕೊರೆಯುವುದಕ್ಕೆ ನಿರ್ಬಂಧವಿದೆ ಎಂದು ಸರ್ಕಾರಿ ನಕ್ಷೆಯಲ್ಲಿ ಗುರುತು ಬೀಳುತ್ತದೆ. ಮುಂದೆ ಕೊಳ್ಳುವವನಿಗೆ ಇದೆಲ್ಲ ಗೊತ್ತಾಗುತ್ತದೆ. ಫೈಲ್ ಮುಚ್ಚಿತು ಎಂದರೆ ಜಾಗ ಪೂರ್ತಿ ಶುದ್ಧವಾಯಿತು ಎಂದೇ ಅರ್ಥವಲ್ಲ. ಏನು ಉಳಿದಿದೆ, ಎಲ್ಲಿ ಉಳಿದಿದೆ ಎಂಬುದು ಬರಹದಲ್ಲಿದೆ ಎಂದರ್ಥ.

ಇಷ್ಟು ಎಚ್ಚರಿಕೆ ಯಾಕೆ ಬೇಕು ಎಂಬುದಕ್ಕೆ ಪಕ್ಕದ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಪ್ರಕರಣ ಸಾಕ್ಷಿ. ಹೊಗೆ ಕಡಿಮೆ ಮಾಡಲೆಂದು ಅಲ್ಲಿ ಪೆಟ್ರೋಲಿಗೆ ಎಂಟಿಬಿಇ ಎಂಬ ರಾಸಾಯನಿಕ ಬೆರೆಸುತ್ತಿದ್ದರು. ಸೌದಿಯ ಜುಬೈಲ್‌ನಲ್ಲಿ ದುಡಿದವರಿಗೆ ಈ ಹೆಸರು ಗೊತ್ತಿರಬಹುದು. ಇದು ನೀರಿನಲ್ಲಿ ಸುಲಭವಾಗಿ ಕರಗಿ ಬೆಂಜೀನಿಗಿಂತ ವೇಗವಾಗಿ, ದೂರಕ್ಕೆ ಸಾಗುತ್ತದೆ. ನೆಲದಡಿಯ ಟ್ಯಾಂಕುಗಳಿಂದ ಸೋರಿ ನಗರದ ಬಾವಿಗಳನ್ನು ಸೇರಿತು. ನ್ಯೂಯಾರ್ಕ್ ರಾಜ್ಯ 2004ರಲ್ಲಿ ಎಂಟಿಬಿಇ ನಿಷೇಧಿಸಿತು. ನಗರ ಹೂಡಿದ ದಾವೆಯಲ್ಲಿ 2009ರಲ್ಲಿ ಜ್ಯೂರಿ ಎಕ್ಸಾನ್ ಮೊಬಿಲ್ ಕಂಪನಿಯನ್ನು ಹೊಣೆ ಮಾಡಿ ಸುಮಾರು 10.5 ಕೋಟಿ ಡಾಲರ್ ಪರಿಹಾರ ವಿಧಿಸಿತು. 2013ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಆ ಬಾವಿಗಳಲ್ಲಿ ಎಂಟಿಬಿಇ ಗರಿಷ್ಠ ಮಟ್ಟ ಮುಟ್ಟುವುದು 2033ರಲ್ಲಿ ಎಂದು ಜ್ಯೂರಿ ನಿರ್ಣಯಿಸಿತು. ನಿಷೇಧವಾಗಿ 29 ವರ್ಷಗಳ ನಂತರ!

ಈಗ ನಮ್ಮೂರಿಗೆ ಬರೋಣ. ರಜೆಯ ಮೂವತ್ತು ದಿನದಲ್ಲಿ ಜಾಗ ನೋಡಿ, ಮುಂಗಡ ಕೊಟ್ಟು, ನೋಂದಣಿ ಮುಗಿಸಿ ವಿಮಾನ ಹತ್ತುವವರು ನಾವು. ಪಹಣಿ ನೋಡುತ್ತೇವೆ, ಇ.ಸಿ. ತೆಗೆಸುತ್ತೇವೆ. ಇ.ಸಿ.ಯಲ್ಲಿ ಬ್ಯಾಂಕಿನ ಸಾಲ ಕಾಣುತ್ತದೆ, ನೆಲದಡಿಯಲ್ಲಿ ಸೋರಿದ ಪೆಟ್ರೋಲ್ ಕಾಣುವುದಿಲ್ಲ. ಕರಾವಳಿಯ ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ನೀರು ಸುಲಭವಾಗಿ ಇಳಿಯುತ್ತದೆ, ಬಾವಿಯ ನೀರನ್ನೇ ಕುಡಿಯುವ ಮನೆಗಳೂ ಬಹಳ.

ಹಾಗಾಗಿ ಹೆದ್ದಾರಿ ಪಕ್ಕದ ಜಾಗ ಕೊಳ್ಳುವ ಮುನ್ನ ಮೂರು ಕೆಲಸ ಮಾಡಿ. ಅಲ್ಲಿ ಅಥವಾ ಪಕ್ಕದಲ್ಲಿ ಹಿಂದೆ ಬಂಕ್, ಗ್ಯಾರೇಜ್, ಡೀಸೆಲ್ ಸಂಗ್ರಹ ಇತ್ತೇ ಎಂದು ಊರಿನ ಹಿರಿಯರನ್ನು ಕೇಳಿ. ಇದ್ದರೆ ಟ್ಯಾಂಕ್ ತೆಗೆದಿದ್ದಾರೆಯೇ, ಮಣ್ಣು ನೀರು ಪರೀಕ್ಷಿಸಿದ ವರದಿ ಇದೆಯೇ ಎಂದು ಮಾರುವವರನ್ನು ವಿಚಾರಿಸಿ. ಬಾವಿ ನೀರನ್ನು ಲ್ಯಾಬಿಗೆ ಕೊಡುವಾಗ ಬೆಂಜೀನ್, ಟಾಲ್ವೀನ್ ಪರೀಕ್ಷೆ ಬೇಕು ಎಂದು ಬಾಯಿಬಿಟ್ಟು ಕೇಳಿ. ಸಾಮಾನ್ಯವಾಗಿ ಮಾಡುವ ಗಡಸುತನ, ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ಇವು ಸೇರಿರುವುದಿಲ್ಲ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮಾಡಿಸಿದರೆ ಇನ್ನೂ ಒಳ್ಳೆಯದು. ವರದಿಯನ್ನು ಕ್ರಯಪತ್ರದ ಜೊತೆಗೇ ಇಟ್ಟುಕೊಳ್ಳಿ, ಮಕ್ಕಳ ಕಾಲಕ್ಕೂ ಅದು ಬೇಕಾದೀತು.