ಶಸ್ತ್ರಕ್ರಿಯೆಯ ನಂತರ ಕರುಳನ್ನು ಚಾಲೂ ಮಾಡುವ ನರ

ದೊಡ್ಡ ಕರುಳಿನ ಗಡ್ಡೆ ತೆಗೆದ ಮರುದಿನದಿಂದ ವೈದ್ಯರು ರೋಗಿಯನ್ನು ತಪ್ಪದೆ ಕೇಳುವ ಪ್ರಶ್ನೆ ‘ಗಾಳಿ ಹೋಯಿತೇ’ ಎಂಬುದು. ಶಸ್ತ್ರಕ್ರಿಯೆಯಿಂದ ಸ್ತಬ್ಧಗೊಂಡ ಕರುಳು ಮತ್ತೆ ಚಲಿಸತೊಡಗಿದ್ದಕ್ಕೆ ಅದೇ ಮೊದಲ ಸುಳಿವು. ಸಣ್ಣ ಕರುಳು ಸಾಮಾನ್ಯವಾಗಿ ಒಂದು ದಿನದೊಳಗೆ, ದೊಡ್ಡ ಕರುಳು ಎರಡು ಮೂರು ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ಈ ಚೇತರಿಕೆ ಇನ್ನೂ ತಡವಾಗಿ, ಹೊಟ್ಟೆ ಉಬ್ಬರಿಸಿ ವಾಂತಿಯಾಗುವ ಸ್ಥಿತಿಗೆ ‘ಇಲಿಯಸ್’ ಎಂದು ಹೆಸರು. ಹೊಸಪೇಟೆ, ಸಂಡೂರು, ಕಂಪ್ಲಿಗಳಿಂದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಿ ದಾಖಲಾದವರಿಗೆ ಹೀಗೆ ಹೆಚ್ಚುವ ಪ್ರತಿದಿನವೂ ಜೊತೆಗಿರುವವರ ಕೂಲಿಯನ್ನೂ ಕಳೆಯುತ್ತದೆ.

ಹೊಟ್ಟೆಯನ್ನು ಕೊಯ್ದಾಗ ಮೊದಲು ಅನುವೇದನಾ ನರಗಳು, ಅಂದರೆ ಅಪಾಯದ ಹೊತ್ತಿನಲ್ಲಿ ಜೀರ್ಣಕ್ರಿಯೆಯನ್ನು ತಡೆಹಿಡಿಯುವ ನರಗಳು, ಕರುಳಿನ ಚಲನೆಯನ್ನು ನಿಲ್ಲಿಸುತ್ತವೆ. ಕೆಲವು ಗಂಟೆಗಳ ನಂತರ ಕರುಳಿನ ಸ್ನಾಯುಪದರದಲ್ಲಿರುವ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಉರಿಯೂತವನ್ನು ಹುಟ್ಟಿಸಿ ಆ ತಡೆಯನ್ನು ದಿನಗಟ್ಟಲೆ ಉಳಿಸುತ್ತವೆ. ನೋವಿಗೆ ಕೊಡುವ ಮಾರ್ಫಿನ್ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಇದಕ್ಕೆ ಎದುರಾಗಿ ನಿಲ್ಲುವುದು ಮಿದುಳಿನ ಬುಡದಿಂದ ಹೊರಟು ಹೃದಯ, ಜಠರಗಳನ್ನು ಹಾಯ್ದು ಕರುಳಿಗೆ ಇಳಿಯುವ ವೇಗಸ್ ನರ. ಅದರ ಸಂಕೇತ ಕರುಳನ್ನು ಚಲಿಸುವಂತೆ ಮಾಡುವುದಲ್ಲದೆ ಉರಿಯೂತವನ್ನೂ ತಗ್ಗಿಸುತ್ತದೆಂದು ಅಮೆರಿಕದ ಸಂಶೋಧಕ ಕೆವಿನ್ ಟ್ರೇಸಿ ಮತ್ತು ಸಂಗಡಿಗರು 2000ದ ಸುಮಾರಿಗೆ ಇಲಿಗಳಲ್ಲಿ ತೋರಿಸಿದರು. 2005ರಲ್ಲಿ ಡಚ್ ಸಂಶೋಧಕರು ಇದನ್ನು ಇಲಿಯಸ್‌ಗೇ ಅನ್ವಯಿಸಿ ನೋಡಿದರು.

ವೇಗಸ್ಸಿನ ಒಂದು ಕವಲು ಕಿವಿಯ ಚರ್ಮಕ್ಕೂ ಬರುವುದರಿಂದ, ಕೊಯ್ಯದೆ ಅಲ್ಲಿಂದಲೇ ಸಣ್ಣ ವಿದ್ಯುತ್ತಿನಿಂದ ಅದನ್ನು ಪ್ರಚೋದಿಸುವ ಪ್ರಯೋಗಗಳು ನಡೆಯುತ್ತಿವೆ. ವಿದ್ಯುತ್ ಬಳಸುವ ಇನ್ನೊಂದು ವಿಧಾನ ಸೂಜಿಯದು. ಹಾಂಗ್‌ಕಾಂಗ್‌ನಲ್ಲಿ 165 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚರ್ಮಕ್ಕೆ ಚುಚ್ಚಿದ ಸೂಜಿಗಳ ಮೂಲಕ ವಿದ್ಯುತ್ ಹಾಯಿಸುವ ಆಕ್ಯುಪಂಕ್ಚರ್ ಪಡೆದವರಿಗೆ ಸರಾಸರಿ 86 ಗಂಟೆಗೆ ಮಲವಿಸರ್ಜನೆಯಾದರೆ, ಪಡೆಯದವರಿಗೆ 122 ಗಂಟೆ ಹಿಡಿಯಿತು.

ಯಂತ್ರವಿಲ್ಲದ ದಾರಿಯೂ ಒಂದಿದೆ. ಅಗಿದರೆ ಊಟ ಬರುತ್ತಿದೆಯೆಂದು ತಿಳಿದ ಮಿದುಳು ವೇಗಸ್ಸನ್ನು ಎಚ್ಚರಿಸುತ್ತದೆಂಬ ಲೆಕ್ಕದಲ್ಲಿ ರೋಗಿಗಳಿಗೆ ಚ್ಯೂಯಿಂಗ್ ಗಮ್ ಕೊಡುವುದುಂಟು. ಜೀರ್ಣಕ್ಕೆಂದು ಅಗಿಯುವ ರೂಢಿ ನಮ್ಮಲ್ಲಿ ಹೊಸದೇನಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವೀಳ್ಯದೆಲೆ ಜೀರ್ಣಕ್ಕೆ ಒಳ್ಳೆಯದೆಂದು ಹೊಗಳಿದ್ದಾನೆ. ಹಂಪಿಯ ಒಂದು ಬೀದಿಗೆ ಪಾನ್ ಸುಪಾರಿ ಬಜಾರ್ ಎಂಬ ಹೆಸರೂ ಉಳಿದಿದೆ. ಹಾಗೆಂದು ಗಮ್ಮಿನ ಬದಲು ಎಲೆ ಅಡಿಕೆ ಹಾಕಿಕೊಳ್ಳುವುದು ತರವಲ್ಲ, ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆ. ಗಮ್ಮಿನ ಗುಣವೂ ಅಷ್ಟಕ್ಕಷ್ಟೆ: ಶಸ್ತ್ರಕ್ರಿಯೆಯ ಮರುದಿನವೇ ಆಹಾರ ಕೊಟ್ಟು ನಡೆದಾಡಿಸುವ ಕ್ರಮ ರೂಢಿಯಾದ ಮೇಲೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಮೇಲಾಗಿ ವೇಗಸ್ಸಿನ ಹಿಡಿತ ದೊಡ್ಡ ಕರುಳಿನ ನಡುಭಾಗದಾಚೆ ಮುಗಿಯುತ್ತದೆ. ಎಡಭಾಗಕ್ಕೂ ಗುದನಾಳಕ್ಕೂ ಬರುವ ನರಗಳು ಬೆನ್ನುಹುರಿಯ ಬುಡದಿಂದ ಹೊರಡುತ್ತವೆ, ಕಿವಿಗೆ ಕೊಟ್ಟ ವಿದ್ಯುತ್ತು ಅವನ್ನು ನೇರವಾಗಿ ಮುಟ್ಟುವುದಿಲ್ಲ.