ಸಿಲಿಂಡರಿಗೆ ಎಷ್ಟು ಆಯುಸ್ಸು?

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಸೈಕಲ್ಲಿನ ರಿಪೇರಿಯನ್ನು ಕುರಿತು ಬರೆಯಹೊರಟರೆ ಮಿತ್ರರು ನಗಬಹುದು. ಆದರೆ ಕೈಗೆ ಮಸಿ ಹತ್ತಿಸಿಕೊಂಡು ನಾನು ಕಲಿತ ಒಂದು ಪಾಠ ಯಾವ ಶಾಸ್ತ್ರದ ಅಭ್ಯಾಸಿಗೂ ಬೇಕಾದುದೇ ಆಗಿದೆ. ಕೆಟ್ಟದ್ದನ್ನು ಸರಿಪಡಿಸಿ, ಕೆಡಿಸಿದ ಕಾರಣವನ್ನು ಹಾಗೆಯೇ ಬಿಟ್ಟರೆ, ಅದು ರಿಪೇರಿಯೇ ಅಲ್ಲ.

ನಮ್ಮ ಮನೆಯಲ್ಲಿರುವುದು ತಂದೆಯವರು ಓಡಿಸುತ್ತಿದ್ದ ಯೆಜ್ಡಿ. ಚೆಕೊಸ್ಲೊವಾಕಿಯದ ಜಾವಾ ಮಾದರಿಯನ್ನು ಅನುಸರಿಸಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಿಂದ ಈ ಗಾಡಿಗಳನ್ನು ತಯಾರಿಸಿತು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕೆಲಸ ನಿಂತಿತು. ಈಗ ಅದೇ ಹೆಸರಿನಿಂದ ಮಾರುವ ಹೊಸ ಗಾಡಿಗಳು ಫೋರ್-ಸ್ಟ್ರೋಕ್ ಜಾತಿಯವು. ನಮ್ಮದಾದರೋ ಡಾಂಬರು ರಸ್ತೆಗಿಂತ ಮೆಕ್ಕೆಜೋಳದ ಹೊಲಗಳ ನಡುವಿನ ಬಂಡಿಜಾಡಿನಲ್ಲಿ, ಭದ್ರಾ ನಾಲೆಯ ಏರಿಯ ಮೇಲೆ ಸವೆದದ್ದೇ ಹೆಚ್ಚು.

ಇದರ ಎಂಜಿನ್ನು ಹೇಗೆ ನಡೆಯುತ್ತದೆಂಬುದನ್ನು ಮೊದಲು ನೋಡೋಣ. ಪಿಸ್ಟನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಹೀಗೆ ಎರಡೇ ಓಟದಲ್ಲಿ ಕೆಲಸ ಮುಗಿಯುವುದರಿಂದ ಇದು ಟೂ-ಸ್ಟ್ರೋಕ್. ಪಿಸ್ಟನ್ನು ಮೇಲೇರುವಾಗ ತಲೆಯ ಮೇಲಿನ ಮಿಶ್ರಣವನ್ನು ಅದುಮುತ್ತದೆ. ಅದೇ ಹೊತ್ತಿಗೆ ಕೆಳಗಿನ ಕ್ರ್ಯಾಂಕ್ ಕೋಣೆಯೊಳಕ್ಕೆ ಹೊಸ ಗಾಳಿ-ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಕಿಡಿ ಹಾರಿ ಪಿಸ್ಟನ್ನು ಕೆಳಗಿಳಿದಾಗ ಸಿಲಿಂಡರಿನ ಗೋಡೆಯ ಕಿಂಡಿಗಳು ತೆರೆದು ಹೊಗೆ ಹೊರಕ್ಕೂ ಹೊಸ ಮಿಶ್ರಣ ಒಳಕ್ಕೂ ಹೋಗುತ್ತವೆ. ವಾಲ್ವುಗಳಿಲ್ಲ, ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿಯೂ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಬೇರಿಂಗಿಗೂ ಪಿಸ್ಟನ್ನಿಗೂ ಆಧಾರ. ನಮ್ಮ ಗಾಡಿಗೆ ಲೀಟರಿಗೆ 40 ಮಿಲಿಲೀಟರು, ಅಂದರೆ 25ಕ್ಕೆ 1ರಂತೆ ಹಾಕುತ್ತೇವೆ.

ಒಂದು ದಿನ ದಾವಣಗೆರೆಯಿಂದ ಹರಿಹರಕ್ಕೆ ಹೋಗುವಾಗ ಎಂಜಿನ್ನು ಇದ್ದಕ್ಕಿದ್ದಂತೆ ಬಿಗಿದು ಹಿಂದಿನ ಚಕ್ರ ಜಾರಿತು. ಕ್ಲಚ್ಚು ಹಿಡಿದೆನಾದ್ದರಿಂದ ಬೀಳಲಿಲ್ಲ. ಪಿಸ್ಟನ್ನು ಅಲ್ಯೂಮಿನಿಯಮ್, ಸಿಲಿಂಡರು ಬೀಡು ಕಬ್ಬಿಣ. ಕಾವು ಏರಿದಾಗ ಮೊದಲನೆಯದು ಎರಡನೆಯದರ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕಾವು ಮಿತಿ ಮೀರಿದರೆ ನಡುವಿನ ಸಂದು ಮುಚ್ಚಿ ಲೋಹ ಲೋಹಕ್ಕೆ ಕಚ್ಚುತ್ತದೆ. ಇದಕ್ಕೇ ಸೀಜ್ ಆಗುವುದೆನ್ನುತ್ತಾರೆ.

ಎಣ್ಣೆ ಸಾಲದೆ ಹೀಗಾಯಿತೆಂದು ನಾನೇ ತೀರ್ಮಾನಿಸಿದೆ. ಸಿಲಿಂಡರನ್ನು ಬೋರ್ ಮಾಡಿಸಿ, ದೊಡ್ಡ ಅಳತೆಯ ಪಿಸ್ಟನ್ನು ಹಾಕಿಸಿ, ಇನ್ನು ಮೇಲೆ ಎಣ್ಣೆಯನ್ನು ಧಾರಾಳವಾಗಿ ಸುರಿದೆ. ಎರಡು ತಿಂಗಳೊಳಗೆ ಗಾಡಿ ಮತ್ತೆ ಬಿಗಿಯಿತು.

ಈ ಸಲ ಸಿಲಿಂಡರನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹರಿಹರಕ್ಕೆ ಹೋದೆ. 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ಲೇತುಗಳನ್ನು ತಯಾರಿಸುತ್ತಿತ್ತು. ಅದು ಮುಚ್ಚಿ ವರ್ಷಗಳಾದರೂ ಅಲ್ಲಿ ಕೈ ಪಳಗಿಸಿಕೊಂಡವರು ಊರಿನಲ್ಲಿದ್ದಾರೆ. ಅಂಥ ಹಿರಿಯರೊಬ್ಬರು ಸಿಲಿಂಡರನ್ನು ಬೆಳಕಿಗೆ ಹಿಡಿದು ನೋಡಿ, “ಪ್ಲಗ್ ತಂದೀಯೇನು ತಮ್ಮಾ?” ಎಂದರು. ಜೇಬಿನಿಂದ ತೆಗೆದುಕೊಟ್ಟೆ. ಅದರ ತುದಿ ಸುಣ್ಣದಂತೆ ಬೆಳ್ಳಗಿತ್ತು.

“ಗ್ಯಾಸು ಬಿಟ್ಟಾಗ ಎಂಜಿನ್ ತಾನೇ ರೊಯ್ಯನೆ ಏರ್ತಿತ್ತೇನು?”

“ಹೌದು ಯಜಮಾನರೇ.”

“ಹಂಗಾದ್ರೆ ಎಲ್ಲೋ ಗಾಳಿ ಎಳೀತೈತಿ. ಮೊದಲು ಅದನ್ನ ಹುಡುಕು. ಕೆರೆದ ಕಬ್ಬಿಣ ತಿರುಗಿ ಹಚ್ಚಾಕೆ ಬರಂಗಿಲ್ಲ.”

ಅವರ ಮಾತು ನಿಜವಾಗಿತ್ತು. ಕ್ರ್ಯಾಂಕಿನ ಡೈನಮೋ ಕಡೆಯ ಆಯಿಲ್ ಸೀಲಿನ ರಬ್ಬರು ಗಟ್ಟಿಯಾಗಿ ಸೀಳಿತ್ತು. ಆ ಸೀಳಿನಿಂದ ಹೆಚ್ಚಿನ ಗಾಳಿ ಒಳಹೊಕ್ಕು ಮಿಶ್ರಣ ತೆಳುವಾಗಿ, ಕಾವು ಮಿತಿಮೀರುತ್ತಿತ್ತು. ನಾನು ಸುರಿದ ಹೆಚ್ಚಿನ ಎಣ್ಣೆಯಿಂದ ಅಪಕಾರವೇ ಆಗಿತ್ತು. ಎಣ್ಣೆಯ ಪಾಲು ಏರಿದಷ್ಟೂ ಪೆಟ್ರೋಲಿನ ಪಾಲು ಇಳಿದು ಮಿಶ್ರಣ ಮತ್ತಷ್ಟು ತೆಳುವಾಗುತ್ತದಷ್ಟೆ.

65 ಮಿಲಿಮೀಟರು ವ್ಯಾಸದ ಆ ಸಿಲಿಂಡರನ್ನು ಪ್ರತಿ ಸಲ ಬೋರ್ ಮಾಡಿದಾಗಲೂ ಗೋಡೆ ತೆಳ್ಳಗಾಗುತ್ತದೆ. ದೊಡ್ಡ ಪಿಸ್ಟನ್ನುಗಳ ಅಳತೆಗೂ ಒಂದು ಕೊನೆಯುಂಟು. ಸಿಲಿಂಡರಿನ ಆಯುಸ್ಸು ಎಣಿಸಿಟ್ಟದ್ದು. ಕೆಲವೇ ರೂಪಾಯಿಯ ಸೀಲನ್ನು ನೋಡದೆ ನಾನು ಎರಡು ಆಯುಸ್ಸನ್ನು ಕಳೆದಿದ್ದೆ.

ಅಂದಿನಿಂದ ನಾನು ಪಾಲಿಸುವ ಕ್ರಮ ಇದು. ಪ್ಲಗ್ಗಿನ ಬಣ್ಣವನ್ನು ಆಗಾಗ ನೋಡುತ್ತೇನೆ. ಕಾಫಿಪುಡಿಯ ಬಣ್ಣವಿದ್ದರೆ ಕ್ಷೇಮ. ಬಿಳುಪಾದರೆ ಮಿಶ್ರಣ ತೆಳು, ಇಲ್ಲವೆ ಕಾವು ಹೆಚ್ಚು. ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಅತಿಯಾಯಿತೆಂದು ಅರ್ಥ. ಹೊಲದಿಂದ ಬಂದ ಕೂಡಲೆ ಗಾಳಿಶೋಧಕವನ್ನು ಶುಚಿಮಾಡುತ್ತೇನೆ. ಅದು ಕಟ್ಟಿಕೊಂಡರೆ ಎಂಜಿನ್ನಿಗೆ ಉಸಿರುಕಟ್ಟುತ್ತದೆ; ಹರಿದರೆ ಧೂಳು ಒಳಹೊಕ್ಕು ಉಪ್ಪುಕಾಗದದಂತೆ ಸಿಲಿಂಡರನ್ನು ಉಜ್ಜುತ್ತದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳಿರುವುದರಿಂದ ಹೊಗೆಯ ಎರಡು ಕಿಂಡಿಗಳಲ್ಲೂ ಕಟ್ಟಿದ ಮಸಿಯನ್ನು ಮರದ ಚಕ್ಕೆಯಿಂದ ಕೆರೆಯುತ್ತೇನೆ. ಉಕ್ಕಿನ ಮೊನೆ ತಾಗಿಸಿದರೆ ಗೀರು ಬೀಳುತ್ತದೆ. ಪಾಯಿಂಟಿನ ಸಂದನ್ನು 0.4 ಮಿಲಿಮೀಟರಿಗೆ ಇಡುತ್ತೇನೆ. ರಿಂಗು ಹಾಕುವಾಗ ಅದರ ತುದಿಗಳು ಪಿಸ್ಟನ್ನಿನ ಗಾಡಿಯಲ್ಲಿರುವ ಸಣ್ಣ ಮೊಳೆಯ ಎರಡು ಪಕ್ಕಕ್ಕೆ ಕೂತಿವೆಯೇ ಎಂದು ನೋಡುತ್ತೇನೆ. ತಪ್ಪಿದರೆ ತುದಿ ಕಿಂಡಿಗೆ ಸಿಕ್ಕಿ ಮುರಿಯುತ್ತದೆ.

ತಂದೆಯವರ ಗಾಡಿ ಈಗ ಓಡುತ್ತಿದೆ. ಆ ಹಿರಿಯರು ಬೋರ್ ಮಾಡಿದ ಸಿಲಿಂಡರಿನಲ್ಲಿ ಉಳಿದಿರುವುದು ಇನ್ನೊಂದೇ ಸಲಕ್ಕೆ ಸಾಲುವ ಕಬ್ಬಿಣ. ಆ ಒಂದು ಸಲ ಬಾರದಂತೆ ನೋಡಿಕೊಳ್ಳುವುದೇ ಈಗ ನನ್ನ ಕೆಲಸ.