ದೀರ್ಘವೇದನೆಯೂ ಔಷಧದ ಮಿತಿಯೂ

ಗಾಯ ಮಾಯುವವರೆಗೆ ಸೇವಿಸುವ ನೋವುನಿವಾರಕಕ್ಕೆ ತಾನಾಗಿಯೇ ಒಂದು ಅವಧಿಯುಂಟು. ವರ್ಷಗಟ್ಟಲೆ ಉಳಿಯುವ ವೇದನೆಗೆ ಸೇವಿಸುವ ಔಷಧಕ್ಕೆ ಅಂತಹ ಎಲ್ಲೆಯಿಲ್ಲ. ಅಫೀಮಿನ ವರ್ಗದ ಔಷಧಗಳಿಗೆ ದೇಹವು ಒಗ್ಗಿದಂತೆಲ್ಲ ಮೊದಲಿನ ಪ್ರಮಾಣವು ಸಾಲದಾಗುತ್ತದೆ. ಥಟ್ಟನೆ ಬಿಟ್ಟರೆ ನೋವು ಉಲ್ಬಣಿಸುತ್ತದೆ. ಇವುಗಳ ಬಳಕೆಯನ್ನು ತಗ್ಗಿಸುವ ಬಗೆ ಹೇಗೆಂಬ ಪ್ರಶ್ನೆಗೆ ಅಮೆರಿಕದ ಈಚಿನ ಚರಿತ್ರೆಯು ಎರಡು ಬಗೆಯ ಉತ್ತರಗಳನ್ನು ಒದಗಿಸುತ್ತದೆ.

ಸಿಯಾಟ್ಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯಕ್ಕೆ 1960ರಲ್ಲಿ ಬಂದ ಅರಿವಳಿಕೆತಜ್ಞ ಜಾನ್ ಬೋನಿಕಾ ಅವರು, ದೀರ್ಘವೇದನೆಯನ್ನು ಒಬ್ಬ ವೈದ್ಯನು ಒಂಟಿಯಾಗಿ ಬಗೆಹರಿಸಲಾರನೆಂದು ಮನಗಂಡು, ಹಲವು ಶಾಸ್ತ್ರಗಳ ತಜ್ಞರನ್ನು ಒಂದೆಡೆ ಕೂಡಿಸಿದರು. ಅಲ್ಲಿಯ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ಅವರು ಒಂದು ಹೊಸ ಕ್ರಮವನ್ನು ರೂಪಿಸಿದರು. ನರಳಿದಾಗಲೆಲ್ಲ ಮಾತ್ರೆ ದೊರೆತರೆ, ಆ ಉಪಶಮನವೇ ನೋವಿನ ನಡವಳಿಕೆಯನ್ನು ಬಲಪಡಿಸುತ್ತದೆಂಬುದು ಅವರ ತರ್ಕ. ಆದುದರಿಂದ ಔಷಧವನ್ನು ನೋವಿಗನುಸಾರವಾಗಿ ಕೊಡದೆ ಗಡಿಯಾರಕ್ಕನುಸಾರವಾಗಿ ಕೊಡತಕ್ಕದ್ದೆಂದು ಗೊತ್ತುಮಾಡಿದರು. ಬಣ್ಣ, ರುಚಿ, ಅಳತೆಗಳು ಬದಲಾಗದ ದ್ರವದಲ್ಲಿ ಅದನ್ನು ಬೆರೆಸಿ, ಔಷಧಾಂಶವನ್ನು ಮಾತ್ರ ಕ್ರಮೇಣ ತಗ್ಗಿಸಲಾಗುತ್ತಿತ್ತು. ವ್ಯಾಯಾಮವನ್ನೂ ನೋವು ತಡೆಯುವವರೆಗೆ ಎಂದಲ್ಲದೆ, ಮೊದಲೇ ಗೊತ್ತುಪಡಿಸಿದ ಎಣಿಕೆಯವರೆಗೆ ಮಾಡಿಸುತ್ತಿದ್ದರು. ಹೀಗೆ ಔಷಧವು ಕುಗ್ಗಿದ ಮಟ್ಟಿಗೆ ಚಟುವಟಿಕೆಯು ಹೆಚ್ಚುತ್ತಿತ್ತು.

ಇಂತಹ ಚಿಕಿತ್ಸೆಗೆ ಕಾಲವೂ ಜನಬಲವೂ ಬೇಕು. ಮಾತ್ರೆಗೆ ಅವು ಬೇಡ. 1980ರಲ್ಲಿ ಒಂದು ವೈದ್ಯಪತ್ರಿಕೆಯಲ್ಲಿ ಐದೇ ವಾಕ್ಯಗಳ ಪತ್ರವೊಂದು ಪ್ರಕಟವಾಯಿತು. ಆಸ್ಪತ್ರೆಯಲ್ಲಿ ಇಂತಹ ಔಷಧ ಪಡೆದ 11,882 ರೋಗಿಗಳಲ್ಲಿ ಚಟಕ್ಕೆ ಬಿದ್ದವರು ನಾಲ್ವರೆಂಬುದು ಅದರ ಸಾರಾಂಶ. ಮನೆಯಲ್ಲಿ ವರ್ಷಾನುಗಟ್ಟಲೆ ಔಷಧ ಸೇವಿಸುವವರ ವಿಷಯವನ್ನು ಅದು ಹೇಳಿರಲಿಲ್ಲ. ಆದರೂ ಅದನ್ನೇ ಆಧಾರವಾಗಿ ಹಿಡಿದು ಭಯಕ್ಕೆಡೆಯಿಲ್ಲವೆಂದು ಬೋಧಿಸಲಾಯಿತು. 1996ರಲ್ಲಿ ಆಕ್ಸಿಕಾಂಟಿನ್ ಮಾರುಕಟ್ಟೆಗೆ ಬಂದ ಮೇಲೆ ಬಳಕೆಯೂ ಮರಣಗಳೂ ಏರಿದವು.

2016ರಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರವು ಎಚ್ಚರಿಕೆಯ ಸೂಚನೆಗಳನ್ನು ಹೊರಡಿಸಿತು. ಹಲವರು ಅವನ್ನು ಕಟ್ಟಳೆಯೆಂದೇ ತಿಳಿದು, ರೋಗಿಗಳ ಔಷಧವನ್ನು ಹಠಾತ್ತಾಗಿ ನಿಲ್ಲಿಸಿದರು. ಇದರಿಂದ ತೀವ್ರವೇದನೆಯೂ ಆತ್ಮಹತ್ಯೆಗಳೂ ಉಂಟಾದುವೆಂದು 2019ರಲ್ಲಿ ಅಲ್ಲಿಯ ಔಷಧಾಡಳಿತವು ಎಚ್ಚರಿಸಿತು. ವರ್ಷಕ್ಕೂ ಮೀರಿ ಸೇವಿಸಿದವರಲ್ಲಿ ತಿಂಗಳಿಗೆ ಶೇಕಡ 10ರಷ್ಟು ಅಥವಾ ಇನ್ನೂ ನಿಧಾನವಾಗಿ ತಗ್ಗಿಸುವುದು ಮೇಲೆಂದು 2022ರ ಪರಿಷ್ಕೃತ ಸೂಚನೆಯು ಹೇಳುತ್ತದೆ.

ಇದನ್ನು ನಮ್ಮ ದೇಶಕ್ಕೆ ಹಾಗೆಯೇ ಅನ್ವಯಿಸುವುದು ಸಲ್ಲದು. 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ಇಲ್ಲಿ ಅರ್ಬುದರೋಗಿಗಳಿಗೂ ಮಾರ್ಫಿನ್ ದುರ್ಲಭವಾಯಿತು. 2014ರ ತಿದ್ದುಪಡಿಯು ಆ ತೊಡಕನ್ನು ಕೆಲಮಟ್ಟಿಗೆ ಸಡಿಲಿಸಿತು. ಔಷಧವನ್ನು ತಗ್ಗಿಸುವುದೆಂದರೆ ರೋಗಿಯನ್ನು ಕೈಬಿಡುವುದಲ್ಲ. ಔಷಧವಿದ್ದ ಸ್ಥಾನದಲ್ಲಿ ವ್ಯಾಯಾಮ, ತಿಳಿವಳಿಕೆ, ಆರೈಕೆಗಳನ್ನು ನೆಲೆಗೊಳಿಸುವುದು. ಸಿಯಾಟ್ಲಿನ ಕ್ರಮಕ್ಕೂ 2016ರ ತರುವಾಯದ ಆತುರಕ್ಕೂ ಇರುವ ಅಂತರವು ಇದೇ ಆಗಿದೆ.